ಯಾರ ಅಂತ ಹೇಳ್ತಿ?

ಮೂರು ವರ್ಷದ ಹಿಂದಿನ ನವೆಂಬರ್. ನಮ್ಮ ಆಫೀಸಿನ ಸಿಎಸ್‌ಆರ್ ಟೀಮಿನಿಂದ ಎಲ್ಲರಿಗೂ ಒಂದು ಮೇಲ್ ಬಂತು. ಡಿಸೆಂಬರ್ 1 ವಿಶ್ವ ಏಡ್ಸ್ ದಿನ, ಆಡಿಟೋರಿಯಂನಲ್ಲಿ ಒಂದು ಗಂಟೆಯ ಕಾರ್ಯಕ್ರಮ ಮಾಡ್ತಿದ್ದೀವಿ. ಎಚ್‌ಐವಿ ಇರುವ ಒಬ್ಬ ಮಹಿಳೆ ಬಂದು ತಮ್ಮ ಕತೆ ಹೇಳಬೇಕು, 20 ನಿಮಿಷ, ಆಮೇಲೆ 10 ನಿಮಿಷ ಪ್ರಶ್ನೆ. ಅಂಥವರು ಯಾರಾದರೂ ಪರಿಚಯ ಇದ್ದರೆ ತಿಳಿಸಿ. ಕತೆ ಸ್ಫೂರ್ತಿ ಕೊಡುವಂತಿರಲಿ ಅಂತ ಕೊನೆಗೊಂದು ಸಾಲು ಬೇರೆ.

ನನಗೆ ಪರಿಚಯ ಇತ್ತು. ನನ್ನ ಚಿಗವ್ವ. ಹದಿನೈದು ವರ್ಷಕ್ಕಿಂತ ಹೆಚ್ಚು ಕಾಲದಿಂದ ಎಚ್‌ಐವಿ ಜೊತೆ ಬದುಕ್ತಿದಾಳೆ, ಅದರಲ್ಲಿ ಸುಮಾರು ಹತ್ತು ವರ್ಷ ತನ್ನಂಥ ಹೆಂಗಸರ ಜೊತೆ ಕೆಲಸ ಮಾಡಿದಾಳೆ. ತರಬೇತಿ ತಗೊಂಡಿದಾಳೆ, ಈಗ ಬೇರೆಯವರಿಗೆ ತರಬೇತಿ ಕೊಡ್ತಾಳೆ. ನಾಕು ಮಂದಿ ಮುಂದೆ ಮಾತಾಡೋಕೆ ಹೆದರುವವಳಲ್ಲ. ಇದಕ್ಕಿಂತ ಒಳ್ಳೇ ಆಯ್ಕೆ ಯಾವುದು ಅಂದ್ಕೊಂಡು ಆವತ್ತೇ ರಾತ್ರಿ ಫೋನ್ ಮಾಡಿದೆ. ಬಸ್ ಬೇಡ, ಟ್ರೇನಿಗೆ ಎಸಿ ಟಿಕೆಟ್ ಮಾಡಿಸ್ತೀವಿ, ಗೌರವಧನ ಕೊಡ್ತಾರೆ, ನಮ್ಮ ಮನೇಲೇ ಎರಡು ದಿನ ಇದ್ದು ಹೋಗು ಅಂತೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಒಂದೇ ಮಾತು ಕೇಳಿದಳು.

"ನನ್ನ ಯಾರ ಅಂತ ಹೇಳ್ತಿ?"

"ಅಂದ್ರ?"

"ಅಲ್ಲಿ ನಿನ್ನ ಮಂದಿ ಕುಂತಿರ್ತಾರಲ್ಲ. ಅವ್ರಿಗೆ ನನ್ನ ಯಾರ ಅಂತ ಹೇಳ್ತಿ? ನಮ್ಮ ಚಿಗವ್ವ ಅಂತ ಹೇಳ್ತಿಯೇನು?"

ನಾನು ತಕ್ಷಣ ಹೂಂ ಅನ್ನಲಿಲ್ಲ. ಎರಡು ಸೆಕೆಂಡ್ ಇರಬಹುದು, ಮೂರು ಇರಬಹುದು. ಆಕೆಗೆ ಅಷ್ಟು ಸಾಕಾಯ್ತು. "ಇರ್ಲಿ ಬಿಡಪಾ, ವಿಚಾರ ಮಾಡಿ ಹೇಳು" ಅಂತ ಮಾತು ಬೇರೆ ಕಡೆ ತಿರುಗಿಸಿ, ಮಗು ಸ್ಕೂಲಿಗೆ ಹೋಗ್ತದೋ ಇಲ್ಲೋ ಅಂತ ಕೇಳಿದಳು.

ಆ ಮೂರು ಸೆಕೆಂಡಿನ ಬಗ್ಗೆ ಮೂರು ವರ್ಷ ಯೋಚನೆ ಮಾಡಿದೀನಿ. ಈ ಬರಹ ಅದರದ್ದೇ.

ಮೊದಲು ಚಿಗವ್ವನ ಸಂಗತಿ ಹೇಳಬೇಕು, ಎಷ್ಟು ಹೇಳಬಹುದೋ ಅಷ್ಟು. ಮದುವೆ ಆದಮೇಲೆ ಗಂಡ ಗೋವಾಕ್ಕೆ ದುಡಿಯೋಕೆ ಹೋಗ್ತಿದ್ದ, ವರ್ಷಕ್ಕೆ ಮೂರ್ನಾಲ್ಕು ಸಲ ಬರ್ತಿದ್ದ. ನಾನು ಪಿಯುಸಿ ಓದುವಾಗ ಚಿಗವ್ವ ಬಸುರಿ. ಆಸ್ಪತ್ರೇಲಿ ಎಲ್ಲ ಬಸುರಿಯರಿಗೂ ಮಾಡುವ ಹಾಗೆ ರಕ್ತ ಪರೀಕ್ಷೆ ಮಾಡಿದರು, ಅದರಲ್ಲಿ ಗೊತ್ತಾಯ್ತು. ನಮ್ಮ ಸೀಮೆಯಲ್ಲಿ ಇದು ಎಷ್ಟೋ ಮನೆಯ ಕತೆ. 2000ದ ದಶಕದಲ್ಲಿ ಬಾಗಲಕೋಟೆ, ಬೆಳಗಾವಿಯಂಥ ಜಿಲ್ಲೆಗಳಲ್ಲಿ ಬಸುರಿಯರ ಪರೀಕ್ಷೆಯಲ್ಲೇ ಎಚ್‌ಐವಿ ಪ್ರಮಾಣ ಜಾಸ್ತಿ ಕಾಣ್ತಿತ್ತು. ಇಲ್ಲಿ ಒಂದು ವಿಚಿತ್ರ ನೋಡಿ. ರೋಗ ತಂದವನು ಗಂಡ, ಆದರೆ ಬಸುರಿಗೆ ಪರೀಕ್ಷೆ ಮೊದಲು ಆಗೋದರಿಂದ ಸುದ್ದಿ ಮೊದಲು ಬರೋದು ಹೆಂಡತಿಯ ಹೆಸರಲ್ಲಿ. ಅತ್ತೆ ಮನೆಯವರ ಲೆಕ್ಕದಲ್ಲಿ ಯಾರ ಹೆಸರಲ್ಲಿ ಚೀಟಿ ಬಂತೋ ತಪ್ಪು ಅವಳದ್ದು. ಮಗು ಹುಟ್ಟಿತು, ಹೆಣ್ಣು, ಅದಕ್ಕೆ ಸೋಂಕು ತಗಲಿರಲಿಲ್ಲ. ಗಂಡ ಎರಡು ವರ್ಷಕ್ಕೆ ಹೋದ. ಅತ್ತೆ ಮನೆ ಬಾಗಿಲು ಮುಚ್ಚಿತು. ಚಿಗವ್ವ ಮಗಳನ್ನ ಎತ್ತಿಕೊಂಡು ತವರಿಗೆ ಬಂದಳು.

ನಮ್ಮ ಮನೇಲಿ ಯಾರೂ ಆ ರೋಗದ ಹೆಸರು ಹೇಳ್ತಿರಲಿಲ್ಲ. "ಆಕಿ ರಕ್ತ ಕೆಟ್ಟೈತಿ" ಅಂತಿದ್ದರು. ಆಕೆಯ ತಾಟು, ಲೋಟ ಬೇರೆ ಗೂಡಿನಲ್ಲಿ ಇರ್ತಿದ್ದವು. ಯಾರೂ ಬೇರೆ ಇಡು ಅಂತ ಹೇಳಿರಲಿಲ್ಲ, ತಾನೇ ಇಟ್ಟಿದ್ದಳು.

ದೇಶದಲ್ಲಿ 2004ರ ಏಪ್ರಿಲ್ 1ರಿಂದ ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಎಆರ್‌ಟಿ ಮಾತ್ರೆ ಪುಕ್ಕಟೆ ಕೊಡೋಕೆ ಶುರು ಮಾಡಿದ್ದರು. ಎಆರ್‌ಟಿ ಅಂದರೆ ವೈರಸ್ ಬೆಳೆಯದ ಹಾಗೆ ತಡೆಯುವ ಔಷಧ. ಗುಣ ಮಾಡಲ್ಲ, ಆದರೆ ದಿನಾ ತಗೊಂಡರೆ ಬದುಕಿಸ್ತದೆ. ಆಗ ರಕ್ತದಲ್ಲಿ ಸಿಡಿ4 ಅನ್ನೋ ಕಣಗಳ ಲೆಕ್ಕ ಹೆಚ್ಚುಕಡಿಮೆ 200ರ ಕೆಳಗೆ ಬಂದಮೇಲೇ ಮಾತ್ರೆ ಶುರು ಮಾಡ್ತಿದ್ದರು. ಈಗ ಹಾಗಿಲ್ಲ. 2017ರಿಂದ ಪರೀಕ್ಷೆಯಲ್ಲಿ ಗೊತ್ತಾದ ಕೂಡಲೇ ಮಾತ್ರೆ. ಆದರೆ ಚಿಗವ್ವನ ಕಾಲದಲ್ಲಿ ಕಾಯಬೇಕಿತ್ತು, ಅಂದರೆ ಸಾಯೋಕೆ ಹತ್ತಿರ ಆಗೋ ತನಕ ಕಾಯಬೇಕಿತ್ತು.

ಆಕೆ ಮೊದಲ ಸಲ ಎಆರ್‌ಟಿ ಕೇಂದ್ರದ ಪಾಳಿಯಲ್ಲಿ ಕೂತ ದಿನದ ಬಗ್ಗೆ ನನಗೆ ಎಷ್ಟೋ ಸಲ ಹೇಳಿದಾಳೆ. ಸೆರಗು ಮುಖಕ್ಕೆ ಎಳಕೊಂಡು ಗೋಡೆ ಕಡೆ ತಿರುಗಿ ಕೂತಿದ್ದಳಂತೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಬಂದು ಕೂತು, ಏನೂ ಕೇಳದೆ, "ಮಾತ್ರಿ ಡಬ್ಬಿ ಅಲುಗಿದ್ರ ಸಪ್ಪಳ ಆಕ್ಕೈತಿ, ಒಳಗ ಸ್ವಲ್ಪ ಹತ್ತಿ ಇಡು" ಅಂದಳಂತೆ. ಅಷ್ಟೇ. ಡಾಕ್ಟರು ಸಿಡಿ4 ಬಗ್ಗೆ ಹೇಳಿದ್ದರು, ಕೌನ್ಸೆಲರ್ ಪೌಷ್ಟಿಕ ಆಹಾರದ ಬಗ್ಗೆ ಹೇಳಿದ್ದರು. ಬಸ್ಸಿನಲ್ಲಿ ಚೀಲದೊಳಗೆ ಮಾತ್ರೆ ಡಬ್ಬಿ ಗಲಗಲ ಅಂದರೆ ಏನು ಮಾಡಬೇಕು ಅಂತ ಯಾರೂ ಹೇಳಿರಲಿಲ್ಲ. ಅದು ಗೊತ್ತಿರೋದು ಆ ಡಬ್ಬಿ ಹೊತ್ತು ಬಸ್ಸಿನಲ್ಲಿ ಬಂದವರಿಗೆ ಮಾತ್ರ. ಲೇಬಲ್ ಕಿತ್ತು ಹಾಕು, ಜೋಳದ ಡಬ್ಬಿಯಲ್ಲಿ ಇಡು, ಕಾಲು ಜೋಮು ಹಿಡಿದರೆ ಸುಮ್ಮನೆ ಕೂರಬೇಡ, ಡಾಕ್ಟರಿಗೆ ಹೇಳು, ಮಾತ್ರೆ ಬದಲಿ ಮಾಡ್ತಾರೆ. ಆಗ ಕೊಡುತ್ತಿದ್ದ ಸ್ಟಾವುಡಿನ್ ಅನ್ನೋ ಮಾತ್ರೆಯಿಂದ ಕಾಲು ಜೋಮು ಹಿಡೀತಿತ್ತು, ಕೆನ್ನೆ ಒಳಗೆ ಹೋಗ್ತಿತ್ತು. ಎಷ್ಟೋ ಜನರ ಗುಟ್ಟನ್ನ ಅವರ ಕೆನ್ನೆಯೇ ಹೊರಗೆ ಹಾಕಿತು. ಆಮೇಲೆ ಅದನ್ನ ಕೈಬಿಟ್ಟರು.

ಪಕ್ಕದಲ್ಲಿ ಬಂದು ಕೂತ ಆ ಹೆಣ್ಣುಮಗಳು ಪೀರ್ ಕೆಲಸ ಮಾಡ್ತಿದ್ದವಳು. ಪೀರ್ ಅನ್ನೋ ಶಬ್ದ ಕೇಳಿ ಚಿಗವ್ವ ನಕ್ಕಿದ್ದಳಂತೆ. ನಮ್ಮ ಕಡೆ ಪೀರ್ ಅಂದರೆ ಮೊಹರಂನಲ್ಲಿ ಹೊರುವ ಪೀರಲ ದೇವರು. "ನೀ ಯಾವ ಊರ ಪೀರಪಾ ತಂಗಿ" ಅಂತ ಕೇಳಿದ್ದಳಂತೆ. ಇಲ್ಲಿ ಅದರ ಅರ್ಥ ಸರಳ, ಸರೀಕಳು. ನಿನ್ನ ಹಾಗೇ ಇರುವವಳು, ನಿನಗಿಂತ ನಾಲ್ಕು ಹೆಜ್ಜೆ ಮೊದಲು ಅದೇ ದಾರಿ ನಡೆದವಳು.

ಕೆಲವು ವರ್ಷದ ಮೇಲೆ ಚಿಗವ್ವ ತಾನೂ ತರಬೇತಿಗೆ ಹೋದಳು. ಐದು ದಿನ, ಊಟ ವಸತಿ ಅಲ್ಲೇ. ಏಳನೇ ಕ್ಲಾಸು ಓದಿದವಳು ವಾಪಸ್ ಬಂದು ನನಗೆ ವೈರಲ್ ಲೋಡ್ ಅಂದರೆ ಏನು ಅಂತ ಪಾಠ ಮಾಡಿದಳು. ಬಿಇ ಓದಿದ ನನಗೆ ಅಲ್ಲಿತನಕ ಎಚ್‌ಐವಿಗೂ ಏಡ್ಸಿಗೂ ಇರೋ ವ್ಯತ್ಯಾಸ ಸರಿಯಾಗಿ ಗೊತ್ತಿರಲಿಲ್ಲ, ಹೇಳೋಕೆ ನಾಚಿಕೆ. ಎಫಾವಿರೆಂಜ್ ಇರುವ ಮಾತ್ರೆ ಬಂದಮೇಲೆ ಹೊಸಬರು ಹೆದರಿ ಮಾತ್ರೆ ಬಿಡ್ತಿದ್ದರು, ರಾತ್ರಿ ಕೆಟ್ಟ ಕನಸು, ತಲೆ ಗಿರ್ ಅನ್ನೋದು. "ಮೊದಲ ಹದಿನೈದ ದಿನ ಕುಡದಂಗ ಆಗ್ತೈತಿ, ಮಲಗೂ ಮುಂದ ತಗೋ, ಆಮ್ಯಾಲ ಕಡಿಮಿ ಆಕ್ಕೈತಿ, ನನಗೂ ಆಗಿತ್ತು" ಅಂತ ಈಕೆ ಹೇಳ್ತಿದ್ದಳು. "ನನಗೂ ಆಗಿತ್ತು" ಅನ್ನೋ ಎರಡು ಶಬ್ದ ಯಾವ ಡಾಕ್ಟರ ಬಾಯಲ್ಲೂ ಬರೋಕೆ ಸಾಧ್ಯ ಇಲ್ಲ.

ಆ ತರಬೇತಿಯ ಬಗ್ಗೆ ನನಗೆ ಅಚ್ಚರಿ ಆದದ್ದು ಬೇರೆ. ಅಲ್ಲಿ ಮಾತಾಡೋದು ಕಲಿಸ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಭಾಷಣ, ಮೈಕು, ಧೈರ್ಯ, ಇಂಥದ್ದು. ಚಿಗವ್ವ ಹೇಳಿದ ಪ್ರಕಾರ ಅರ್ಧಕ್ಕರ್ಧ ಕಲಿಸಿದ್ದು ಸುಮ್ಮನಿರೋದು. ಬೇರೆಯವಳು ಹೇಳಿದ್ದನ್ನ ಹೊಟ್ಟೇಲಿ ಇಟ್ಕೊಳ್ಳೋದು, ಬಜಾರಿನಲ್ಲಿ ಎದುರು ಸಿಕ್ಕರೆ ಅವಳಾಗಿ ಮಾತಾಡಿಸೋ ತನಕ ಗುರುತು ಇಲ್ಲದವಳ ಹಾಗೆ ಹೋಗೋದು, ಯಾರ ಮನೆಗೂ ನೇರ ಹೋಗದೆ ಇರೋದು, ಯಾಕಂದರೆ ಈಕೆ ಹೋದ ಮನೆಗೆಲ್ಲ ಆ ಹೆಸರು ಹತ್ತುತ್ತದೆ. ಒಂದು ದಿನ ಕಾಗದದ ಮೇಲೆ ವೃತ್ತ ಬರೆಸಿದರಂತೆ. ನಡುವೆ ನೀನು. ಮೊದಲ ವೃತ್ತದಲ್ಲಿ ಈಗಾಗಲೇ ಗೊತ್ತಿರುವವರು. ಅದರ ಹೊರಗೆ ಗೊತ್ತಾದರೂ ತಡಕೊಳ್ಳಬಲ್ಲೆ ಅನ್ನುವವರು. ಅದರ ಹೊರಗೆ ಗೊತ್ತಾಗಲೇಬಾರದವರು. ನಿನ್ನ ಕತೆ ಯಾರ ಮುಂದೆ ಹೇಳಬೇಕಾದರೂ ಮೊದಲು ಆ ಕಾಗದ ನೆನಪು ಮಾಡಿಕೊ ಅಂದರಂತೆ.

ಹೊರಗಿನ ವೃತ್ತದಲ್ಲಿ ಚಿಗವ್ವ ಬರೆದಿದ್ದು ಒಂದೇ ಹೆಸರು, ಮಗಳ ಕ್ಲಾಸಿನ ಹುಡುಗಿಯರು ಅಂತ. ಹೆಸರಲ್ಲ ಅದು, ಒಂದು ಗುಂಪು. ಅದಕ್ಕೇ ಹೆದರಿಕೆ ಜಾಸ್ತಿ.

ಈ ಕೆಲಸ ಎಲ್ಲಿಂದ ಶುರು ಆಯ್ತು ಅಂತ ಆಮೇಲೆ ಓದಿದೆ. 1983ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಒಂದು ಆರೋಗ್ಯ ಸಮ್ಮೇಳನಕ್ಕೆ ಬಂದಿದ್ದ ಏಡ್ಸ್ ರೋಗಿಗಳ ಒಂದು ಸಣ್ಣ ಗುಂಪು ವೇದಿಕೆ ಹತ್ತಿ ತಮ್ಮದೊಂದು ಹೇಳಿಕೆ ಓದಿತು. ನಮ್ಮನ್ನ ಬಲಿಪಶು ಅನ್ನಬೇಡಿ, ನಾವು ಏಡ್ಸ್ ಇರುವ ಮನುಷ್ಯರು, ನಮ್ಮ ಬಗ್ಗೆ ತೀರ್ಮಾನ ಮಾಡುವ ಕಡೆಯೆಲ್ಲ ನಮಗೂ ಕುರ್ಚಿ ಬೇಕು ಅನ್ನೋದು ಅದರ ಸಾರ. ಅವರಿಗೆ ಆಗ ಔಷಧ ಇರಲಿಲ್ಲ, ಬಹಳ ಜನಕ್ಕೆ ಬದುಕೋಕೆ ಹೆಚ್ಚು ದಿನವೂ ಇರಲಿಲ್ಲ. 1994ರ ಡಿಸೆಂಬರ್ 1ರಂದು ಪ್ಯಾರಿಸ್‌ನಲ್ಲಿ 42 ದೇಶಗಳು ಆ ಮಾತನ್ನ ಒಪ್ಪಿ ಸಹಿ ಹಾಕಿದವು. ನಮ್ಮ ದೇಶದಲ್ಲಿ 1998ರಲ್ಲಿ ಚೆನ್ನೈನಲ್ಲಿ ಎಚ್‌ಐವಿ ಇರುವ ಹೆಂಗಸರೇ ಸೇರಿ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಕಟ್ಟಿದರು. ಅದರ ಮುಂದೆ ನಿಂತ ಪಿ. ಕೌಸಲ್ಯಾ, ಮುಖ ಮುಚ್ಚಿಕೊಳ್ಳದೆ ಮಾತಾಡಿದ ದೇಶದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ಇಂಥವರು ಮಾತಾಡದೇ ಹೋಗಿದ್ದರೆ ಸರ್ಕಾರ ಮಾತ್ರೆ ಪುಕ್ಕಟೆ ಕೊಡೋಕೆ ಇನ್ನೂ ಎಷ್ಟು ವರ್ಷ ತಗೊಳ್ತಿತ್ತೋ.

ಹಾಗಾಗಿ ಯಾರೂ ಎದ್ದು ನಿಂತು ಹೇಳಬೇಕಾಗಿಲ್ಲ, ಎಲ್ಲರೂ ಗುಟ್ಟಾಗಿ ಮಾತ್ರೆ ತಗೊಂಡು ಇದ್ದುಬಿಡಿ ಅಂತ ನಾನು ವಾದ ಮಾಡ್ತಿಲ್ಲ. ಚಿಗವ್ವ ಇವತ್ತು ಬದುಕಿರೋದೇ ಯಾರೋ ಎದ್ದು ನಿಂತದ್ದರಿಂದ.

ಆದರೆ ಅದೇ 1998ರಲ್ಲಿ ಇನ್ನೊಂದು ಘಟನೆ ಆಯ್ತು. ದಕ್ಷಿಣ ಆಫ್ರಿಕಾದ ಡರ್ಬನ್ ಹತ್ತಿರದ ಒಂದು ಬಡವರ ಬಡಾವಣೆಯ ಗುಗು ದ್ಲಾಮಿನಿ ಅನ್ನೋ 36 ವರ್ಷದ ಹೆಂಗಸು, ಎಚ್‌ಐವಿ ಇರುವವರ ಸಂಘದಲ್ಲಿ ಸ್ವಯಂಸೇವಕಿ. ಆ ವರ್ಷದ ವಿಶ್ವ ಏಡ್ಸ್ ದಿನ ರೇಡಿಯೋದಲ್ಲಿ ತಮ್ಮ ಜುಲು ಭಾಷೆಯಲ್ಲಿ, ನನಗೆ ಎಚ್‌ಐವಿ ಇದೆ ಅಂತ ಹೇಳಿದರು. ಅದೇ ತಿಂಗಳು ನೆರೆಹೊರೆಯವರೇ ಗುಂಪು ಕಟ್ಟಿಕೊಂಡು ಬಂದು ಹೊಡೆದರು. ನಮ್ಮ ಬಡಾವಣೆಗೆ ಕೆಟ್ಟ ಹೆಸರು ತಂದಳು ಅನ್ನೋದು ಅವರ ಸಿಟ್ಟು. ಆಕೆ ಸತ್ತರು. ಒಬ್ಬಳು ಮಗಳಿದ್ದಳು.

ಇದನ್ನ ಓದಿದ ರಾತ್ರಿ ನನಗೆ ನಮ್ಮ ಸಿಎಸ್‌ಆರ್ ಮೇಲ್ ನೆನಪಾಯ್ತು. ಡಿಸೆಂಬರ್ 1, 20 ನಿಮಿಷ, ಸ್ಫೂರ್ತಿ.

ನಮ್ಮ ಆಫೀಸಿನಲ್ಲಿ ಯಾರೂ ಯಾರನ್ನೂ ಹೊಡೆಯಲ್ಲ, ಸರಿ. ಚಪ್ಪಾಳೆ ತಟ್ಟುತ್ತಾರೆ, ಎದ್ದು ನಿಂತೇ ತಟ್ಟುತ್ತಾರೆ. ಆದರೆ ಅಲ್ಲಿ ಮುನ್ನೂರು ಫೋನು ಇರ್ತವೆ. ಯಾರೋ ಒಬ್ಬ ವಿಡಿಯೋ ಮಾಡ್ತಾನೆ, ಒಳ್ಳೇ ಉದ್ದೇಶದಿಂದಲೇ ಮಾಡ್ತಾನೆ, ಸ್ಟೇಟಸ್‌ಗೆ ಹಾಕ್ತಾನೆ. ಅದು ಎರಡು ದಿನದಲ್ಲಿ ನಮ್ಮೂರಿನ ವಾಟ್ಸಾಪ್ ಗುಂಪಿಗೆ ಬರ್ತದೆ. ನಮ್ಮ ಕೆಲಸದಲ್ಲಿ ಹಿಂದಕ್ಕೆ ತಗೊಳ್ಳೋಕೆ ಆಗದ ಬದಲಾವಣೆ ಮಾಡಬೇಕಾದರೆ ಇನ್ನೊಬ್ಬರ ಒಪ್ಪಿಗೆ ಬೇಕು, ಬ್ಯಾಕಪ್ ಇರಬೇಕು, ಕೆಟ್ಟರೆ ರೋಲ್‌ಬ್ಯಾಕ್ ಹೇಗೆ ಅಂತ ಮೊದಲೇ ಬರೆದಿಟ್ಟಿರಬೇಕು. ಒಂದು ಬಟನ್ನಿನ ಬಣ್ಣ ಬದಲಿ ಮಾಡೋಕೆ ಇಷ್ಟು ಶಾಸ್ತ್ರ ಮಾಡುವ ನಾವು, ಒಬ್ಬಳ ಜೀವಮಾನದ ಗುಟ್ಟನ್ನ ಒಂದು ಮೇಲಿನಲ್ಲಿ ಕೇಳಿಬಿಡ್ತೀವಿ. ಆಕೆ ಒಪ್ಪಿದರೆ ಆಯ್ತಲ್ಲ, ಸಹಿ ಹಾಕಿಸಿಕೊಂಡರೆ ಆಯ್ತಲ್ಲ ಅನ್ನಬಹುದು. ಆದರೆ ಆ ಗುಟ್ಟು ಆಕೆ ಒಬ್ಬಳದ್ದಲ್ಲ. ಸತ್ತ ಗಂಡನದ್ದು, ಕಾಲೇಜಿಗೆ ಹೋಗೋ ಮಗಳದ್ದು, ನಾಳೆ ಆ ಮಗಳನ್ನ ನೋಡೋಕೆ ಬರುವ ಬೀಗರ ಮನೆಯದ್ದು. ಸೋಂಕು ಇಲ್ಲದ ಮಗಳಿಗೂ ತಾಯಿಯ ಮಾತಿನಿಂದ ಹೆಸರು ಹತ್ತುತ್ತದೆ. ಮಗಳಿಗೆ 15 ವರ್ಷ ಆದಾಗ ಚಿಗವ್ವ ತಾನೇ ಕೂರಿಸಿಕೊಂಡು ಎಲ್ಲ ಹೇಳಿದ್ದಳು. ಹುಡುಗಿ ಅತ್ತು ಮುಗಿಸಿ ಹೇಳಿದ್ದು: "ಬ್ಯಾರೆ ಜಿಲ್ಲಾದಾಗ ಎಲ್ಲಿ ಬೇಕಾರ ಮಾತಾಡವ್ವ. ನಮ್ಮ ಸಾಲಿಗೆ ಮಾತ್ರ ಬರಬ್ಯಾಡ." ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಪತ್ರ ನಾನು ನೋಡಿಲ್ಲ.

ನನಗೆ ಈಗ ಅನಿಸೋದು, ನಾವು ಎರಡು ಬೇರೆ ಕೆಲಸಗಳನ್ನ ಒಂದೇ ಅಂದ್ಕೊಂಡಿದೀವಿ. ಪಾಳಿಯಲ್ಲಿ ಪಕ್ಕದಲ್ಲಿ ಕೂತು ಹತ್ತಿ ಇಡು ಅನ್ನೋದು ಒಂದು ಕೆಲಸ. ವೇದಿಕೆ ಮೇಲೆ ನಿಂತು ನನಗೆ ಎಚ್‌ಐವಿ ಇದೆ ಅನ್ನೋದು ಇನ್ನೊಂದು. ಮೊದಲನೆಯದು ಅದೇ ನೋವಿರುವ ಇನ್ನೊಬ್ಬಳಿಗಾಗಿ. ಅಲ್ಲಿ ಆಕೆ ತನ್ನದನ್ನ ಹೇಳಿದರೆ ಎದುರಿನವಳೂ ತನ್ನದನ್ನ ಹೇಳ್ತಾಳೆ, ಇಬ್ಬರ ಕೈಯಲ್ಲೂ ಇನ್ನೊಬ್ಬರ ಗುಟ್ಟು ಇರ್ತದೆ, ತಕ್ಕಡಿ ಸಮ. ಎರಡನೆಯದು ನಮಗಾಗಿ, ಏನೂ ಆಗದವರಿಗಾಗಿ. ಅಲ್ಲಿ ಆಕೆ ಎಲ್ಲ ಕೊಡ್ತಾಳೆ, ನಾವು ಚಪ್ಪಾಳೆ ಕೊಡ್ತೀವಿ. ಮುಟ್ಟಿದರೆ ಬರಲ್ಲ, ಜೊತೆಗೆ ಉಂಡರೆ ಬರಲ್ಲ ಅಂತ ಸರ್ಕಾರ ಮೂವತ್ತು ವರ್ಷದಿಂದ ಬಸ್ಸಿನ ಹಿಂದೆ, ಗೋಡೆ ಮೇಲೆ ಬರೆಸ್ತಿದೆ. ದಿನಾ ಮಾತ್ರೆ ತಗೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದವರಿಂದ ಲೈಂಗಿಕ ಸಂಪರ್ಕದಲ್ಲೂ ಹರಡಲ್ಲ ಅಂತ ದೊಡ್ಡ ದೊಡ್ಡ ಅಧ್ಯಯನಗಳೇ ತೋರಿಸಿವೆ. ಇಷ್ಟೆಲ್ಲ ಗೊತ್ತಿದ್ದೂ, ಒಬ್ಬ ಹೆಂಗಸು ಬಂದು ನಮ್ಮ ಮುಂದೆ ಕಣ್ಣೀರು ಹಾಕಿದರೆ ಮಾತ್ರ ನಂಬ್ತೀವಿ ಅಂದರೆ, ಕಾಯಿಲೆ ಇರೋದು ಎಲ್ಲಿ?

ಇಲ್ಲಿ ಒಂದು ತಕರಾರು ಬರ್ತದೆ, ನಾನೇ ಚಿಗವ್ವನಿಗೆ ಹಾಕಿದ್ದೆ. ಕಂಡ ಮುಖದಿಂದ ಹೆದರಿಕೆ ಹೋಗೋ ಹಾಗೆ ಪೋಸ್ಟರಿನಿಂದ ಹೋಗಲ್ಲ. ಎಲ್ಲರೂ ಮುಚ್ಚಿಟ್ಟರೆ ಇದು ಮುಚ್ಚಿಡೋ ರೋಗ ಅಂತಲೇ ಉಳೀತದೆ. ಯಾರಾದರೂ ಒಬ್ಬರು ಮೊದಲು ನಿಲ್ಲಬೇಕಲ್ಲ? ಆಕೆ ಇದನ್ನ ಅಲ್ಲಗಳೆಯಲಿಲ್ಲ. "ಖರೇ ಐತಿ. ನಿಲ್ಲಬೇಕು. ನಾ ನಿಂತೇನಿ ಸೈತ, ಪೊಲೀಸರ ಮುಂದ, ನರ್ಸಗೋಳ ಮುಂದ, ಪಂಚಾಯ್ತ್ಯಾಗ. ಆದ್ರ ಒಬ್ಬಾಕಿನ ನಿಲ್ಲಿಸಿ ಉಳಿದೋರೆಲ್ಲ ಕುಂತು ನೋಡಿದ್ರ ಅದು ನಿಂತಂಗಲ್ಲ, ನಿಲ್ಲಿಸಿದಂಗ" ಅಂದಳು.

ಗುಗು ದ್ಲಾಮಿನಿ ಸತ್ತಮೇಲೆ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಒಂದು ಕೆಲಸ ಇದಕ್ಕೆ ಸರಿಯಾದ ಉತ್ತರ ಅಂತ ನನಗೆ ಅನಿಸಿದೆ. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಅನ್ನೋ ಸಂಘಟನೆ ಅದೇ ಡಿಸೆಂಬರಿನಲ್ಲಿ ಹುಟ್ಟಿತ್ತು. ಅವರು ಎದೆಯ ಮೇಲೆ ದೊಡ್ಡದಾಗಿ 'ಎಚ್‌ಐವಿ ಪಾಸಿಟಿವ್' ಅಂತ ಬರೆದ ಟೀ ಶರ್ಟ್ ಮಾಡಿಸಿದರು. ಎಚ್‌ಐವಿ ಇರುವವರೂ ಹಾಕಿಕೊಂಡರು, ಇಲ್ಲದವರೂ ಹಾಕಿಕೊಂಡರು. ಡಾಕ್ಟರು, ನರ್ಸು, ವಕೀಲರು, ವಿದ್ಯಾರ್ಥಿಗಳು. ಬೀದಿಯಲ್ಲಿ ಸಾವಿರ ಜನ ಆ ಅಂಗಿ ಹಾಕಿಕೊಂಡು ಹೋದರೆ ಯಾರನ್ನ ಅಂತ ಹೊಡೀತೀರಿ? 2002ರಲ್ಲಿ ನೆಲ್ಸನ್ ಮಂಡೇಲಾ ಕೂಡ ಅದನ್ನ ಹಾಕಿಕೊಂಡರು. ಹೇಳುವ ಭಾರವನ್ನ ಹಂಚಿಕೊಳ್ಳೋಕೆ ಆಗ್ತದೆ ಅನ್ನೋದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಚಿಗವ್ವ ಫೋನಿನಲ್ಲಿ ನನ್ನ ಕೇಳಿದ್ದು ಇದನ್ನೇ. ನಾನು ಎಚ್‌ಐವಿ ಇರುವವಳು ಅಂತ ಹೇಳ್ತೀನಿ, ನೀನು ಅವಳ ಅಕ್ಕನ ಮಗ ಅಂತ ಹೇಳ್ತಿಯಾ? ನೂರು ಕೆಜಿ ಚೀಲ ಆಕೆ ಹೊತ್ತರೆ ನಾನು ಒಂದು ತುದಿ ಹಿಡೀತೀನಾ ಅಂತ. ನಾನು ಮೂರು ಸೆಕೆಂಡ್ ತಗೊಂಡೆ.

ದುಡ್ಡಿನ ಮಾತನ್ನೂ ಇಲ್ಲೇ ಹೇಳಿಬಿಡ್ತೀನಿ, ಇಂಥ ಬರಹಗಳಲ್ಲಿ ಅದು ಬರೋದೇ ಇಲ್ಲ. ಈ ಹೆಂಗಸರಿಗೆ ಕೊಡೋದಕ್ಕೆ ಸಂಬಳ ಅನ್ನಲ್ಲ, ಗೌರವಧನ ಅಂತಾರೆ. ಪ್ರಾಜೆಕ್ಟ್ ಇರೋ ತನಕ ಬರ್ತದೆ, ಮುಗಿದರೆ ನಿಂತಿತು. ಅಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವವನಿಗೆ ಸಂಬಳ, ತನ್ನ ಅನುಭವವನ್ನೇ ಕೆಲಸ ಮಾಡಿಕೊಂಡವಳಿಗೆ ಗೌರವ. 2001ರಲ್ಲಿ ಕೇಪ್‌ಟೌನ್‌ನಲ್ಲಿ ಶುರುವಾದ ಮದರ್ಸ್ ಟು ಮದರ್ಸ್ ಅನ್ನೋ ಸಂಸ್ಥೆ, ಎಚ್‌ಐವಿ ಇರುವ ತಾಯಂದಿರಿಗೆ ತರಬೇತಿ ಕೊಟ್ಟು, ಸಂಬಳ ಕೊಟ್ಟು, ಆಸ್ಪತ್ರೆಯ ಸಿಬ್ಬಂದಿಯ ಜೊತೆಗೇ ಹೊಸ ಬಸುರಿಯರಿಗೆ ಸಲಹೆ ಕೊಡೋಕೆ ಕೂರಿಸ್ತದೆ. ನಮ್ಮ ಎಆರ್‌ಟಿ ಕೇಂದ್ರಗಳಲ್ಲೂ ಎಚ್‌ಐವಿ ಇರುವವರನ್ನೇ ತಗೊಳ್ಳುವ ಕೇರ್ ಕೋಆರ್ಡಿನೇಟರ್ ಅನ್ನೋ ಹುದ್ದೆ ಇದೆ, ಒಳ್ಳೇದು. ಆದರೆ ಒಂದು ಜಿಲ್ಲೆಗೆ ಅಂಥ ಕುರ್ಚಿ ಎಷ್ಟು? ನಮ್ಮ ರಾಜ್ಯದಲ್ಲೇ ಎಚ್‌ಐವಿ ಜೊತೆ ಬದುಕುವವರು 2021ರ ಅಂದಾಜಿನಂತೆ ಸುಮಾರು 2.70 ಲಕ್ಷ. ಉಳಿದ ಹೆಂಗಸರು ಕೆಲಸ ಮಾಡ್ತಿರೋದು ಬಸ್ ಚಾರ್ಜು, ಚಹಾದ ದುಡ್ಡಿನ ಮೇಲೆ.

ಕಾನೂನು ಈಗ ಸುಧಾರಿಸಿದೆ. 1998ರಲ್ಲಿ ಆಸ್ಪತ್ರೆಯಿಂದ ಗುಟ್ಟು ಹೊರಬಿದ್ದು ಮದುವೆ ಮುರಿದುಹೋದ ಒಬ್ಬ ಮನುಷ್ಯ ಸುಪ್ರೀಂ ಕೋರ್ಟಿಗೆ ಹೋದರೆ, ಆಸ್ಪತ್ರೆಯದ್ದು ತಪ್ಪಿಲ್ಲ ಅಂತ ತೀರ್ಪು ಬಂತು. ಈಗ 2017ರ ಎಚ್‌ಐವಿ ಕಾಯ್ದೆ ಇದೆ, 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಕೆಲವು ಅಪವಾದ ಬಿಟ್ಟರೆ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡೋ ಹಾಗಿಲ್ಲ, ಹೇಳು ಅಂತ ಬಲವಂತ ಮಾಡೋ ಹಾಗಿಲ್ಲ. ಕೆಲಸದಿಂದ, ಬಾಡಿಗೆ ಮನೆಯಿಂದ ಇದೇ ಕಾರಣಕ್ಕೆ ತೆಗೆಯೋ ಹಾಗಿಲ್ಲ. ಕೋರ್ಟಿನಲ್ಲೂ ಹೆಸರು ಮುಚ್ಚಿಟ್ಟು ಕೇಸು ನಡೆಸಬಹುದು. ಸಂಗಾತಿಗೆ ತಿಳಿಸೋ ವಿಷಯದಲ್ಲಿ, ಹೆಂಗಸಿಗೆ ಹೊಡೆತ ಬೀಳುವ, ಮನೆ ಬಿಡಿಸುವ ಹೆದರಿಕೆ ಇದ್ದರೆ ಆಸ್ಪತ್ರೆಯವರು ಹೇಳಬಾರದು ಅಂತಲೂ ಅದರಲ್ಲಿದೆ. ಚಿಗವ್ವ ಇದನ್ನೆಲ್ಲ ಬಾಯಿಪಾಠ ಮಾಡಿದಾಳೆ. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಡುವಾಗ ಮೊದಲ ದಿನ ಹೇಳೋದು ಇದನ್ನೇ, "ಹೇಳದ ಇರೂದು ನಿನ್ನ ಹಕ್ಕು." ಹೇಳುವ ಧೈರ್ಯ ನಾಲ್ಕನೇ ದಿನದ ಪಾಠವಂತೆ. ಅಷ್ಟರಲ್ಲಿ ಕೆಲವರು ಹೇಳೋದು ಬೇಡ ಅಂತ ತೀರ್ಮಾನ ಮಾಡಿರ್ತಾರೆ. ಅವರು ಫೇಲಾದ ಹಾಗೆ ಅಲ್ಲ ಅಂತ ಒತ್ತಿ ಹೇಳ್ತಾಳೆ. ಅವರಲ್ಲೇ ಕೆಲವರು ಮುಂದೆ ಬಹಳ ಒಳ್ಳೇ ಪೀರ್ ಆಗಿದಾರಂತೆ, ಊರಿಗೆ ಗೊತ್ತಿಲ್ಲದ ಹಾಗೆ.

ಆಫೀಸಿನ ಕಾರ್ಯಕ್ರಮ ಏನಾಯ್ತು ಅಂತ ಹೇಳಬೇಕು. ಎರಡು ದಿನ ಬಿಟ್ಟು ನಾನು ಮತ್ತೆ ಫೋನ್ ಮಾಡಿ, ಹೇಳ್ತೀನಿ ಚಿಗವ್ವ ಅಂದೆ. ನನ್ನ ದನಿ ಕೇಳಿಯೇ ಆಕೆಗೆ ಗೊತ್ತಾಗಿರಬೇಕು, ಅದು ಎರಡು ದಿನ ಕಷ್ಟಪಟ್ಟು ತಂದ ಹೂಂ ಅಂತ. ಬರ್ತೀನಿ, ಆದರೆ ಕತೆ ಹೇಳಲ್ಲ, ಪಾಠ ಮಾಡ್ತೀನಿ, ಅವರು ಏನು ಬೇಕಾದರೂ ಕೇಳಲಿ, ನನ್ನ ಗಂಡನ ಬಗ್ಗೆ ಮಾತ್ರ ಕೇಳಬಾರದು, ಫೋನು ಹೊರಗಿಡಬೇಕು ಅಂದಳು. ಇದನ್ನ ಸಿಎಸ್‌ಆರ್ ಟೀಮಿಗೆ ತಿಳಿಸಿದೆ. ಅವರು ಒಳ್ಳೆಯವರೇ, ಅರ್ಥ ಮಾಡಿಕೊಂಡರು, ಆದರೆ ಪರ್ಸನಲ್ ಸ್ಟೋರಿ ಇಲ್ಲದಿದ್ದರೆ ಎಮೋಷನಲ್ ಕನೆಕ್ಟ್ ಬರಲ್ಲ ಅಂದರು. ಕೊನೆಗೆ ಒಬ್ಬ ಡಾಕ್ಟರು ಬಂದು ಸ್ಲೈಡ್ ತೋರಿಸಿದರು. ಎಲ್ಲರೂ ಕೆಂಪು ರಿಬ್ಬನ್ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ನಾನೂ ಇದ್ದೆ ಆ ಫೋಟೋದಲ್ಲಿ, ಎರಡನೇ ಸಾಲು. ಕಾರ್ಯಕ್ರಮ ರದ್ದಾಗಿದ್ದಕ್ಕೆ ಬೇಜಾರಾಯ್ತು ಅಂತ ಎಲ್ಲರಿಗೂ ಹೇಳಿದೆ. ಒಳಗೆ ಉಸಿರು ಬಿಟ್ಟಿದ್ದೆ.

ಆವತ್ತು ಸಂಜೆ ಮನೆಗೆ ಬಂದು ಹೆಂಡತಿಗೆ ಚಿಗವ್ವನ ವಿಷಯ ಹೇಳೋಕೆ ಕೂತೆ. ಮದುವೆ ಆಗಿ ಆರು ವರ್ಷ ಆಗಿತ್ತು, ನಾನು ಹೇಳಿರಲಿಲ್ಲ. ಹೆಣ್ಣು ನೋಡೋಕೆ ಹೋದಾಗಲೇ ನಮ್ಮವ್ವ ಹೇಳಿದ್ದಳು, ಇದನ್ನ ಅವರ ಮನೆಯಲ್ಲಿ ಎತ್ತಬೇಡ ಅಂತ. ನಮ್ಮ ಮದುವೆಯಲ್ಲಿ ಚಿಗವ್ವ ಬಡಿಸೋಕೂ ಬರಲಿಲ್ಲ, ಹಿಂದಿನ ಪಡಸಾಲೆಯಲ್ಲಿ ಎಲೆ ಒರೆಸುತ್ತ ಕೂತಿದ್ದಳು. ವಿಧವೆ ಅಂತ ಮುಂದೆ ಬಂದಿಲ್ಲ ಅಂದ್ಕೊಂಡಿದ್ದೆ. ಅಥವಾ ಹಾಗೆ ಅಂದ್ಕೊಳ್ಳೋದು ಅನುಕೂಲ ಆಗಿತ್ತು.

ಪೀಠಿಕೆ ಹಾಕಿ ಎರಡು ವಾಕ್ಯ ಹೇಳಿದ್ದೆ. ಹೆಂಡತಿ, "ಗೊತ್ತು, ಅವರೇ ಹೇಳಿದಾರೆ" ಅಂದಳು.

ಯಾವಾಗ?

ಮಗು ಹೊಟ್ಟೆಯಲ್ಲಿದ್ದಾಗ. ಮೊದಲ ತಪಾಸಣೆಗೆ ಹೋದಾಗ ರಕ್ತ ಪರೀಕ್ಷೆಯ ಪಟ್ಟಿಯಲ್ಲಿ ಎಚ್‌ಐವಿ ಅಂತ ನೋಡಿ ಇವಳಿಗೆ ಗಾಬರಿ ಆಗಿತ್ತಂತೆ. ಸಣ್ಣವಳಿದ್ದಾಗ ಡೆಂಗಿ ಬಂದು ರಕ್ತ ಹಾಕಿಸಿಕೊಂಡಿದ್ದಳು, ಅದೇ ತಲೇಲಿ ತಿರುಗ್ತಿತ್ತು. ರಿಪೋರ್ಟ್ ಬರೋಕೆ ಎರಡು ದಿನ. ನನಗೆ ರಿಲೀಸ್ ಇತ್ತು, ಎರಡು ರಾತ್ರಿ ಆಫೀಸಿನಲ್ಲೇ ಇದ್ದೆ. ಯಾವುದೋ ಮೀಟಿಂಗಿಗೆ ಬೆಂಗಳೂರಿಗೆ ಬಂದಿದ್ದ ಚಿಗವ್ವ ನಮ್ಮನೇಲಿ ಇಳಕೊಂಡಿದ್ದಳು. ಇವಳು ನಿದ್ದೆ ಮಾಡದೆ ಕೂತಿದ್ದು ನೋಡಿ ಬಂದು ಪಕ್ಕದಲ್ಲಿ ಕೂತಳಂತೆ. ನಿನಗೇನೂ ಇರಲ್ಲ, ಇದ್ದರೂ ಹೀಗೆ ಇರ್ತಾರೆ ನೋಡು ಅಂತ ತನ್ನದೆಲ್ಲ ಹೇಳಿದಳಂತೆ. ರಿಪೋರ್ಟಿನಲ್ಲಿ ಏನೂ ಇರಲಿಲ್ಲ. ಆ ಗುಟ್ಟನ್ನ ಇವಳು ನನ್ನಿಂದಲೂ ಮುಚ್ಚಿಟ್ಟಿದ್ದಳು.

"ನನಗೆ ಯಾಕೆ ಹೇಳಲಿಲ್ಲ?"

"ಅದು ಅವರದ್ದು. ನಿಮಗೆ ಹೇಳೋಕೆ ನಾನ್ಯಾರು?"

ಇದನ್ನ ಬರೆದು ಮುಗಿಸಿ, ಪ್ರಕಟ ಮಾಡೋ ಮೊದಲು ಚಿಗವ್ವನಿಗೆ ಫೋನಿನಲ್ಲಿ ಪೂರ್ತಿ ಓದಿದೆ. ನಡುವೆ ಎರಡು ಸಲ ನಕ್ಕಳು, ಒಂದು ಕಡೆ ಏನೂ ಮಾತಾಡಲಿಲ್ಲ. ಮುಗಿದಮೇಲೆ ತಿದ್ದುಪಡಿ ಹೇಳಿದಳು. ಊರಿನ ಹೆಸರು ತೆಗೆ. ಮಗಳು ಏನು ಓದ್ತಾಳೆ ಅನ್ನೋದು ತೆಗೆ. "ನಿಮ್ಮ ಕಾಕಾನ ಕೆಲ್ಸಾ ಬದಲಿ ಮಾಡು, ಗೋವಾ ಅಂತ ಬರಿ." ಎಲ್ಲ ಮಾಡಿದೀನಿ. ಆಮೇಲೆ ನಾನೇ ಕೇಳಿದೆ, ಮತ್ತ ಚಿಗವ್ವ ಅಂತ ಬರದೇನಲ್ಲ, ಅದನ್ನೂ ಬದಲಿ ಮಾಡ್ಲಿ?

"ಅದು ಇರ್ಲಿ" ಅಂದಳು. "ಊರಿಗೆ ಇಪ್ಪತ್ತು ಮಂದಿ ಚಿಗವ್ವಗೋಳು ಇರ್ತಾರ."